ಕೊರಳಿನ ಧಮನಿಗಳ ಪಾಠಾಂತರಗಳು

ಓಲೆಗರಿಗಳ ಒಡನಾಟದಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದ ಕನ್ನಡ ಅಧ್ಯಾಪಕನೊಬ್ಬನು ಕೊರಳಿನ ರಕ್ತನಾಳಗಳನ್ನು ಕುರಿತು ಮಾತನಾಡಲು ಹೊರಟರೆ ಕೇಳುವವರಿಗೆ ಅಚ್ಚರಿಯಾದೀತು. ಆದರೆ ಈ ವಿಷಯ ನನ್ನನ್ನು ಸೆಳೆದುದಕ್ಕೆ ಕಾರಣವುಂಟು. ಒಂದೇ ಕಾವ್ಯದ ಹತ್ತು ಪ್ರತಿಗಳನ್ನು ಹೋಲಿಸಿ ನೋಡಿದರೆ ಅವು ಎಲ್ಲ ಕಡೆಯೂ ಒಂದನ್ನೊಂದು ಹೋಲುವುದಿಲ್ಲ. ಈ ವ್ಯತ್ಯಾಸಗಳನ್ನು ನಾವು ಪಾಠಾಂತರಗಳೆನ್ನುತ್ತೇವೆ. ಮನುಷ್ಯನ ದೇಹದಲ್ಲಿಯೂ ಇಂಥ ಪಾಠಾಂತರಗಳಿವೆ. ಕಾವ್ಯದಲ್ಲಿ ಅವನ್ನು ಗಮನಿಸದಿದ್ದರೆ ಪದ್ಯದ ಅರ್ಥ ಕೆಟ್ಟೀತು. ಕೊರಳಿನಲ್ಲಿ ಗಮನಿಸದಿದ್ದರೆ ಮಾತು ಹೋದೀತು, ಕೆಲವೊಮ್ಮೆ ಪ್ರಾಣವೇ ಹೋದೀತು.

ಕೊರಳು ಎಂಥ ನಾಜೂಕಾದ ಸ್ಥಾನವೆಂಬುದನ್ನು ಪ್ರಾಚೀನರು ಬಲ್ಲವರಾಗಿದ್ದರು. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಮರ್ಮಗಳನ್ನು ಎಣಿಸುವಾಗ, ಕಂಠನಾಳದ ಇಕ್ಕೆಲಗಳಲ್ಲಿ ನೀಲಾ, ಮನ್ಯಾ ಎಂಬ ಧಮನಿಗಳನ್ನು ಹೆಸರಿಸಿ, ಅಲ್ಲಿ ಗಾಯವಾದರೆ ಮೂಕತನವೋ ಸ್ವರವಿಕಾರವೋ ಉಂಟಾಗುವುದೆಂದು ಹೇಳಿದೆ. ಮಾತೃಕಾ ಎಂಬ ಸಿರೆಗಳಿಗೆ ಗಾಯವಾದರೆ ಒಡನೆಯೇ ಮರಣ. ಗ್ರೀಕರು ಕೊರಳಿನ ಮುಖ್ಯ ಧಮನಿಗೆ ಕೊಟ್ಟ ‘ಕೆರೋಟಿಡ್’ ಎಂಬ ಹೆಸರಿನ ಮೂಲದಲ್ಲಿರುವುದು ಮಂಪರು ಎಂಬ ಅರ್ಥದ ಶಬ್ದ. ಅದನ್ನು ಅದುಮಿದರೆ ಎಚ್ಚರ ತಪ್ಪುವುದೆಂಬ ನಂಬಿಕೆ ಆ ಹೆಸರಿನಲ್ಲಿ ಅಡಗಿದೆ. ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ಗೇಲನ್ ಎಂಬ ವೈದ್ಯನು ಹಂದಿಗಳ ಮೇಲೆ ಪ್ರಯೋಗ ನಡೆಸಿ, ಧ್ವನಿ ಅಡಗುವುದಕ್ಕೆ ಕಾರಣ ರಕ್ತನಾಳವಲ್ಲ, ಗಂಟಲಿಗೆ ಹೋಗುವ ನರವೆಂದು ತೋರಿಸಿಕೊಟ್ಟನು. ಈ ನರದ ಮಾತು ಮುಂದೆ ಮತ್ತೆ ಬರುತ್ತದೆ.

ಇನ್ನು ಪುಸ್ತಕಗಳಲ್ಲಿ ಅಚ್ಚಾಗಿರುವ ರೂಢಿಯ ಪಾಠ ಯಾವುದೆಂದು ನೋಡೋಣ. ಹೃದಯದಿಂದ ಹೊರಟ ಮಹಾಧಮನಿ ಎದೆಯ ಮೇಲ್ಭಾಗದಲ್ಲಿ ಕಮಾನಿನಂತೆ ಬಾಗುತ್ತದೆ. ಆ ಕಮಾನಿನಿಂದ ಮೂರು ಕವಲುಗಳು ಮೇಲಕ್ಕೆ ಏಳುತ್ತವೆ. ಮೊದಲನೆಯದು ಮುಂದೆ ಇಬ್ಭಾಗವಾಗಿ ಬಲತೋಳಿಗೂ ಕೊರಳಿನ ಬಲಬದಿಗೂ ರಕ್ತವನ್ನು ಒಯ್ಯುತ್ತದೆ. ಎರಡನೆಯದು ಕೊರಳಿನ ಎಡಬದಿಗೆ, ಮೂರನೆಯದು ಎಡತೋಳಿಗೆ. ಬಹುಮಂದಿಯಲ್ಲಿ ಹೀಗೆಯೇ ಸರಿ. ಆದರೆ ಎಲ್ಲರಲ್ಲಿಯೂ ಅಲ್ಲ.

1761ರಲ್ಲಿ ಇಂಗ್ಲೆಂಡಿನ ಡೇವಿಡ್ ಬೇಫರ್ಡ್ ಎಂಬ ಶಸ್ತ್ರವೈದ್ಯನ ಗಮನಕ್ಕೆ ಒಂದು ಪ್ರಸಂಗ ಬಂದಿತು. ಹೆಂಗಸೊಬ್ಬಳು ಬಹುಕಾಲದಿಂದ ತುತ್ತು ನುಂಗಲಾರದೆ ನರಳಿ ಕೊನೆಗೆ ತೀರಿಕೊಂಡಿದ್ದಳು. ದೇಹವನ್ನು ತೆರೆದು ನೋಡಿದಾಗ, ಬಲತೋಳಿಗೆ ಹೋಗಬೇಕಾದ ಧಮನಿ ತನ್ನ ಸ್ಥಾನವನ್ನು ಬಿಟ್ಟು ಕಮಾನಿನ ಎಡಕೊನೆಯಿಂದ ಹೊರಟು, ಅನ್ನನಾಳವನ್ನು ಅಡ್ಡವಾಗಿ ಒತ್ತಿಕೊಂಡು ಬಲಕ್ಕೆ ಸಾಗಿತ್ತು. ಬೇಫರ್ಡನ ಬರಹ 1794ರಲ್ಲಿ ಪ್ರಕಟವಾಯಿತು. ಆ ವ್ಯಾಧಿಗೆ ಅವನು ಇಟ್ಟ ಹೆಸರು ‘ಡಿಸ್ಫೇಜಿಯ ಲುಸೋರಿಯ’. ಪ್ರಕೃತಿಯ ಆಟ ಎಂಬ ಅರ್ಥದ ಲ್ಯಾಟಿನ್ ನುಡಿಗಟ್ಟಿನಿಂದ ಅದು ಹುಟ್ಟಿತು. ನಾವು ಲೀಲೆ ಎನ್ನುವುದು ಇದನ್ನೇ. ಈ ಲೀಲೆ ಸುಮಾರು ನೂರು ಜನರಲ್ಲಿ ಒಬ್ಬರ ಎದೆಯಲ್ಲಿ ನಡೆದಿರುತ್ತದೆ. ಅವರಲ್ಲಿ ಹೆಚ್ಚಿನವರಿಗೆ ಅದರ ಅರಿವು ಕೂಡ ಇರುವುದಿಲ್ಲ.

ಹೀಗೇಕೆ ಆಗುತ್ತದೆಯೆಂಬುದು ಹತ್ತೊಂಬತ್ತನೆಯ ಶತಮಾನದಲ್ಲಿ ತಿಳಿಯತೊಡಗಿತು. 1825ರಲ್ಲಿ ಜರ್ಮನಿಯ ಹೈನ್ರಿಕ್ ರಾಥ್ಕೆ ಹಂದಿಯ ಭ್ರೂಣದ ಕೊರಳಿನಲ್ಲಿ ಮೀನಿನ ಕಿವಿರುಗಳನ್ನು ನೆನಪಿಗೆ ತರುವ ಸೀಳುಗಳನ್ನು ಕಂಡನು. ಮನುಷ್ಯನ ಭ್ರೂಣದಲ್ಲಿಯೂ ಆ ಎಡೆಯಲ್ಲಿ ಜೋಡಿಜೋಡಿಯಾಗಿ ಬಾಗಿದ ಧಮನಿಗಳು ಮೂಡುತ್ತವೆ. ವಾರಗಳು ಕಳೆದಂತೆ ಕೆಲವು ಬಾಡಿ ಮರೆಯಾಗುತ್ತವೆ, ಕೆಲವು ಉಳಿದು ಬಲಿಯುತ್ತವೆ. ಉಳಿಯಬೇಕಾದುದು ಬಾಡಿ, ಬಾಡಬೇಕಾದುದು ಉಳಿದರೆ ದಾರಿ ಬದಲಾಗುತ್ತದೆ. ಹೇಗೋ ರಕ್ತವಂತೂ ತೋಳನ್ನು ಸೇರುತ್ತದೆ.

ದಾರಿ ಬದಲಾದಾಗ ನೆರೆಹೊರೆಯೂ ಬದಲಾಗುತ್ತದೆ. ಗೇಲನನು ತೋರಿಸಿದ ಧ್ವನಿಯ ನರ ಬಲಬದಿಯಲ್ಲಿ ತೋಳಿನ ಧಮನಿಯ ಕೆಳಗೆ ಸುತ್ತಿಕೊಂಡು ಮೇಲಕ್ಕೆ ಬರುವುದು ವಾಡಿಕೆ. ಧಮನಿಯೇ ಅಲ್ಲಿಲ್ಲದಿದ್ದರೆ ಸುತ್ತುವುದು ಯಾವುದನ್ನು? ನರ ನೇರವಾಗಿ ಧ್ವನಿಪೆಟ್ಟಿಗೆಗೆ ನುಗ್ಗುತ್ತದೆ. 1823ರಲ್ಲಿಯೇ ಸ್ಟೆಡ್‌ಮನ್ ಎಂಬುವನು ಇದನ್ನು ವರ್ಣಿಸಿದ್ದನು. ಇಂದು ಗಳಗಂಡದ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರು ಈ ನರವನ್ನು ಕೆಳಗಿನಿಂದ ಮೇಲಕ್ಕೆ ಹುಡುಕುತ್ತಾರೆ. ಅದು ಅಡ್ಡಲಾಗಿ ಬಂದಿರಬಹುದೆಂಬ ಎಚ್ಚರವಿಲ್ಲದಿದ್ದರೆ ಕತ್ತರಿಗೆ ಸಿಕ್ಕೀತು; ರೋಗಿಯ ಕಂಠ ಒಡೆದುಹೋದೀತು. ಮಾತನ್ನೇ ನೆಚ್ಚಿ ಬದುಕಿದ ನನ್ನಂಥವನಿಗೆ ಈ ನಷ್ಟ ಎಷ್ಟೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪಾಠಾಂತರವೆಲ್ಲ ಕೇಡೇ ಎಂದು ಭಾವಿಸಬಾರದು. ತಾಮಸ್ ವಿಲಿಸ್ 1664ರ ತನ್ನ ಗ್ರಂಥದಲ್ಲಿ, ಕೊರಳಿನ ಧಮನಿಗಳು ಮಿದುಳಿನ ಅಡಿಯಲ್ಲಿ ಒಂದನ್ನೊಂದು ಕೂಡಿಕೊಂಡು ಬಳೆಯಂತಾಗುವುದನ್ನು ವಿವರಿಸಿದನು. ಅದರ ಚಿತ್ರಗಳಿಗೆ ನೆರವಾದವನು ಮುಂದೆ ಲಂಡನ್ನಿನ ಸೇಂಟ್ ಪಾಲ್ ಚರ್ಚನ್ನು ಕಟ್ಟಿಸಿದ ಕ್ರಿಸ್ಟಫರ್ ರೆನ್. ವಿಲಿಸನು ಕಂಡ ಒಬ್ಬನ ಬಲ ಕೆರೋಟಿಡ್ ಕಲ್ಲಿನಂತಾಗಿ ಮುಚ್ಚಿಹೋಗಿದ್ದರೂ ಅವನಿಗೆ ಪಾರ್ಶ್ವವಾಯು ಬಡಿದಿರಲಿಲ್ಲ. ಅದೇ ಬದಿಯಲ್ಲಿ ಬೆನ್ನುಮಣಿಗಳೊಳಗಿಂದ ಏರುವ ಇನ್ನೊಂದು ಧಮನಿ ಮೂರು ಪಟ್ಟು ಹಿಗ್ಗಿ ಆ ಭಾರವನ್ನು ಹೊತ್ತಿತ್ತು. 1808ರಲ್ಲಿ ಲಂಡನ್ನಿನ ಆಸ್ಟ್ಲಿ ಕೂಪರ್ ರೋಗಿಯೊಬ್ಬನ ಉಬ್ಬಿದ ಕೆರೋಟಿಡ್ ಧಮನಿಯನ್ನು ದಾರದಿಂದ ಕಟ್ಟಿಬಿಟ್ಟನು. ಆ ರೋಗಿ 1821ರವರೆಗೆ ಬದುಕಿದನು. ಆದರೆ ಈ ಭಾಗ್ಯ ಎಲ್ಲರಿಗೂ ಇಲ್ಲ. ಪುಸ್ತಕದ ಚಿತ್ರದಂತೆ ಪೂರ್ಣವಾದ ಬಳೆ ಅನೇಕರ ಮಿದುಳಿನಲ್ಲಿ ಇರುವುದೇ ಇಲ್ಲ. ಒಬ್ಬನಿಗೆ ಸಹ್ಯವಾದ ಕಟ್ಟು ಇನ್ನೊಬ್ಬನಿಗೆ ಮೃತ್ಯುವಾದೀತು.

ಆದ್ದರಿಂದಲೇ ಒಂದೆರಡು ದೇಹಗಳನ್ನು ನೋಡಿ ಶಾಸ್ತ್ರ ಬರೆದರೆ ಸಾಲದಾಯಿತು. ಲಂಡನ್ನಿನ ರಿಚರ್ಡ್ ಕ್ವೇನ್ ಸಾವಿರಕ್ಕೂ ಹೆಚ್ಚು ದೇಹಗಳ ಧಮನಿಗಳನ್ನು ಪರಿಶೀಲಿಸಿ, ಜೋಸೆಫ್ ಮ್ಯಾಕ್ಲೀಸನ ಚಿತ್ರಗಳೊಡನೆ 1844ರಲ್ಲಿ ದೊಡ್ಡದೊಂದು ಗ್ರಂಥವನ್ನು ಹೊರತಂದನು. ಗ್ರಂಥಸಂಪಾದಕನು ಅಡಿಟಿಪ್ಪಣಿಯಲ್ಲಿ ಪಾಠಾಂತರಗಳನ್ನು ಕೊಡುವಂತೆ ಅವನು ಭೇದಗಳನ್ನು ಎಣಿಸಿ ದಾಖಲಿಸಿದನು. ಅಷ್ಟು ದೇಹಗಳು ಬಂದುದೆಲ್ಲಿಂದ? 1832ರ ಬ್ರಿಟಿಷ್ ಕಾಯಿದೆಯ ಪ್ರಕಾರ, ಬಡವರ ಆಶ್ರಯಗೃಹಗಳಲ್ಲಿ ಸತ್ತು ವಾರಸುದಾರರು ಬಾರದ ಹೆಣಗಳು ವೈದ್ಯಶಾಲೆಗಳಿಗೆ ಹೋಗುತ್ತಿದ್ದವು. ನಮ್ಮ ರಾಜ್ಯದಲ್ಲಿಯೂ ಅಂಥ ದೇಹಗಳನ್ನು ಒದಗಿಸುವ ಕಾಯಿದೆ 1957ರಲ್ಲಿ ಬಂದಿತು. ಓಲೆಗರಿಯ ಕೊನೆಯಲ್ಲಿ ಲಿಪಿಕಾರನು ಎಷ್ಟೋ ಸಲ ತನ್ನ ಹೆಸರನ್ನು ಬರೆದಿರುತ್ತಾನೆ. ಈ ಜನಕ್ಕೆ ಅಷ್ಟು ಮಾತ್ರದ ಗುರುತೂ ಉಳಿಯಲಿಲ್ಲ. ಅವರ ಋಣದಲ್ಲಿ ನಮ್ಮ ಕೊರಳುಗಳಿವೆ.

ಇಂದು ಕತ್ತಿಯಿಲ್ಲದೆಯೇ ಯಂತ್ರಗಳು ಜೀವಂತ ಧಮನಿಗಳ ಚಿತ್ರವನ್ನು ತೋರಿಸುತ್ತವೆ. ತೊಡೆಯ ಧಮನಿಯಿಂದ ಸಣ್ಣ ಕೊಳವೆಯನ್ನು ತೂರಿಸಿ ಮಿದುಳಿನ ಹೆಪ್ಪನ್ನು ತೆಗೆಯುವ ವೈದ್ಯನಿಗೆ ಕಮಾನಿನ ಕವಲುಗಳೇ ಮಾರ್ಗ. ಎಡ ಕೆರೋಟಿಡ್ ಮೊದಲನೆಯ ಕವಲಿನೊಡನೆಯೇ ಹುಟ್ಟುವುದು ಈ ಕಮಾನಿನ ಅತಿ ಸಾಮಾನ್ಯವಾದ ಭೇದ. ಆಗ ಕೊಳವೆ ತಿರುಗಬೇಕಾದ ಕೋನವೇ ಬೇರೆ. ಇದಕ್ಕೆ ದನದ ಕಮಾನು ಎಂಬ ಅರ್ಥದ ಹೆಸರು ಬಳಕೆಯಲ್ಲಿದೆ. ವಿನೋದವೆಂದರೆ, ದನದ ದೇಹದಲ್ಲಿ ರಚನೆ ಹೀಗಿಲ್ಲ; ಅಲ್ಲಿ ಒಂದೇ ಕಾಂಡದಿಂದ ಎಲ್ಲ ಕವಲುಗಳೂ ಹೊರಡುತ್ತವೆ. ಅಪಪಾಠಗಳು ಶಾಸ್ತ್ರದ ಪರಿಭಾಷೆಯಲ್ಲಿಯೂ ಬದುಕಿಕೊಳ್ಳುತ್ತವೆಯೆಂಬುದಕ್ಕೆ ಇದೊಂದು ಸಾಕ್ಷಿ.

ಒಂದು ವಿಷಯದಲ್ಲಿ ಮಾತ್ರ ನಮ್ಮ ಕಸುಬಿಗೂ ವೈದ್ಯರ ಕಸುಬಿಗೂ ಅಂತರವಿದೆ. ನಾವು ಪಾಠಾಂತರಗಳನ್ನು ತೂಗಿನೋಡಿ ಕವಿಯ ಮೂಲಪಾಠವನ್ನು ಹುಡುಕುತ್ತೇವೆ. ದೇಹಕ್ಕೆ ಅಂಥ ಮೂಲಪ್ರತಿಯೆಂಬುದಿಲ್ಲ. ಪುಸ್ತಕದ ಚಿತ್ರ ಬಹುಜನರ ಪಾಠ, ಅಷ್ಟೆ. ಮೇಜಿನ ಮೇಲೆ ಮಲಗಿದ ರೋಗಿಗೆ ಅವನದೇ ಪಾಠ ಶುದ್ಧಪಾಠ. ಅದನ್ನು ತಿದ್ದಲು ಹೋಗದೆ ಓದಿಕೊಳ್ಳಬಲ್ಲವನೇ ಒಳ್ಳೆಯ ವೈದ್ಯ.