ಬಿಡುಗಡೆ: ‘ರಿಲೀಸ್’ ಕ್ರಿಯಾಪದದ ಮೂಲ ಮತ್ತು ಅರ್ಥಗಳು

ಕಾಲುವೆಗೆ ನೀರು ರಿಲೀಸ್ ಆಗುತ್ತದೆ, ಸಿನಿಮಾ ರಿಲೀಸ್ ಆಗುತ್ತದೆ, ಅನುದಾನವೂ ರಿಲೀಸ್ ಆಗುತ್ತದೆ. ರಾಯಚೂರು ತಾಲ್ಲೂಕಿನ ಚಂದ್ರಬಂಡದಿಂದ ಮಾನ್ವಿ, ದೇವದುರ್ಗದವರೆಗೆ ದಿನನಿತ್ಯ ಕಿವಿಗೆ ಬೀಳುವ ಈ ಇಂಗ್ಲಿಷ್ ಕ್ರಿಯಾಪದಕ್ಕೆ ಕನ್ನಡದಲ್ಲಿ ‘ಬಿಡುಗಡೆ’ ಎಂಬ ಪದ ರೂಢಿಯಲ್ಲಿದೆ. ಆದರೆ ಸಂದರ್ಭ ಬದಲಾದಂತೆ ಅದರ ಅರ್ಥವೂ ಪರಿಣಾಮವೂ ಬದಲಾಗುತ್ತವೆ.

ಪದದ ಮೂಲ

‘ಸಡಿಲಿಸು’ ಎಂಬ ಅರ್ಥದ ಲ್ಯಾಟಿನ್ ಪದ ‘ರೆಲಕ್ಸಾರೆ’ ಹಳೆಯ ಫ್ರೆಂಚ್ ಮೂಲಕ ಮಧ್ಯಕಾಲೀನ ಇಂಗ್ಲಿಷಿಗೆ ಬಂದು ‘ರಿಲೀಸ್’ ಆಯಿತು. ‘ರಿಲ್ಯಾಕ್ಸ್’ ಪದವೂ ಇದೇ ಮೂಲದ್ದು. ಹೊಲವನ್ನು ‘ಲೀಸ್’ಗೆ ಕೊಡುವುದು ಎನ್ನುವಲ್ಲಿನ ‘ಲೀಸ್’ ಕೂಡ ಇದರ ಬಂಧು. ವರ್ಗಾವಣೆಗೊಂಡ ನೌಕರರನ್ನು ಕುರಿತು ಬಳಸುವ ‘ರಿಲೀವ್’ ಮಾತ್ರ ಬೇರೆ ಪದವಾಗಿದ್ದು, ‘ಮೇಲೆತ್ತು, ಹಗುರಗೊಳಿಸು’ ಎಂಬ ಅರ್ಥದ ‘ರೆಲೆವಾರೆ’ಯಿಂದ ಬಂದಿದೆ. ನಮ್ಮ ಕಚೇರಿಗಳಲ್ಲಿ ಎರಡಕ್ಕೂ ‘ಬಿಡುಗಡೆ’ ಎಂದೇ ಬರೆಯಲಾಗುತ್ತದೆ.

ಕನ್ನಡದ ‘ಬಿಡು’ ದ್ರಾವಿಡ ಮೂಲದ ಧಾತು. ತಮಿಳಿನಲ್ಲಿ ಇದು ‘ವಿಡು’. ಪದದ ಮೊದಲಿನ ವಕಾರ ಕನ್ನಡದಲ್ಲಿ ಬಕಾರವಾಗಿದೆ. ಬಿಡುವು, ಬಿಡಾರ, ಬೀಡು ಇವೆಲ್ಲ ಇದೇ ಕುಟುಂಬದವು. ದೇವಾಲಯಗಳಿಗೆ ಭೂಮಿಯನ್ನು ದಾನ ನೀಡಿದ್ದನ್ನು ಹಳೆಯ ಶಾಸನಗಳು ‘ಬಿಟ್ಟರು’ ಎಂದೇ ದಾಖಲಿಸುತ್ತವೆ. ಅಂದರೆ ತನ್ನ ಹಕ್ಕನ್ನು ಇನ್ನೊಬ್ಬರಿಗೆ ಒಪ್ಪಿಸುವುದು ಎಂಬ ಅರ್ಥವೂ ಈ ಧಾತುವಿಗೆ ಹಿಂದಿನಿಂದಲೇ ಇದೆ.

ನೀರು ಮತ್ತು ನ್ಯಾಯಾಲಯ

ರಾಯಚೂರು, ಮಾನ್ವಿ ಭಾಗಕ್ಕೆ ತುಂಗಭದ್ರಾ ಎಡದಂಡೆ ಕಾಲುವೆ, ದೇವದುರ್ಗ ಭಾಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆ ಆಸರೆಯಾಗಿವೆ. ಜಲಾಶಯದಿಂದ ನೀರು ಬಿಡುಗಡೆಯಾಯಿತು ಎಂದರೆ ಗೇಟಿನಿಂದ ಹೊರಟಿತು ಎಂದಷ್ಟೇ ಅರ್ಥ. ಕಾಲುವೆಯ ಕೊನೆಭಾಗದ ಹೊಲ ತಲುಪಿತು ಎಂದಲ್ಲ.

ಜಾಮೀನಿನ ಮೇಲೆ ಬಿಡುಗಡೆಯಾದ ಆರೋಪಿಯ ಮೊಕದ್ದಮೆ ಮುಂದುವರಿಯುತ್ತದೆ. ಆರೋಪ ಸಾಬೀತಾಗದೆ ನ್ಯಾಯಾಲಯವೇ ಬಿಟ್ಟರೆ ಅದು ‘ಖುಲಾಸೆ’. ಅರಬ್ಬಿ ಮೂಲದ ಈ ಪದವು ಪಾರಸಿ, ಉರ್ದು ಆಡಳಿತ ಭಾಷೆಗಳ ಮೂಲಕ ಕನ್ನಡದಲ್ಲಿ ನೆಲೆಗೊಂಡಿದೆ.

ಹಕ್ಕು ಬಿಡುಗಡೆ ಪತ್ರ

ಈ ಪದಕ್ಕೆ ಅತಿ ಹೆಚ್ಚು ಬೆಲೆ ತೆರಬೇಕಾಗುವುದು ಉಪನೋಂದಣಿ ಕಚೇರಿಯಲ್ಲಿ. ‘ರಿಲೀಸ್ ಡೀಡ್’ ಅಥವಾ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದವರು ಜಂಟಿ ಆಸ್ತಿಯಲ್ಲಿನ ತಮ್ಮ ಪಾಲನ್ನು ಸಹಪಾಲುದಾರರಿಗೆ ಬಿಟ್ಟುಕೊಡುತ್ತಾರೆ. 1908ರ ನೋಂದಣಿ ಕಾಯ್ದೆಯ ಪ್ರಕಾರ 100 ರೂಪಾಯಿ ಹಾಗೂ ಅದಕ್ಕಿಂತ ಹೆಚ್ಚು ಮೌಲ್ಯದ ಸ್ಥಿರಾಸ್ತಿಯ ಹಕ್ಕನ್ನು ಕೊನೆಗೊಳಿಸುವ ಇಂಥ ಪತ್ರದ ನೋಂದಣಿ ಕಡ್ಡಾಯ.

ಕರ್ನಾಟಕದ 1994ರ ತಿದ್ದುಪಡಿಯು ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹಕ್ಕು ನೀಡಿದರೂ ಅದಕ್ಕೆ ಮುನ್ನ ಮದುವೆಯಾದವರನ್ನು ಹೊರಗಿಟ್ಟಿತ್ತು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹುಟ್ಟಿನಿಂದಲೇ ಗಂಡುಮಕ್ಕಳಿಗೆ ಸಮನಾದ ಹಕ್ಕು ಕೊಟ್ಟಿತು. ತಿದ್ದುಪಡಿ ಜಾರಿಯಾದ ದಿನ ತಂದೆ ಬದುಕಿರಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು.

ಹೀಗೆ ದೊರೆತ ಹಕ್ಕು ಒಂದೇ ಸಹಿಯಿಂದ ಕೈತಪ್ಪಬಹುದು. ವಂಚನೆ ಅಥವಾ ಒತ್ತಾಯದಿಂದ ಪಡೆದ ಪತ್ರವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಲು ಅವಕಾಶವಿದೆ. ಆದರೆ ಅದನ್ನು ಸಾಬೀತುಪಡಿಸುವ ಹೊಣೆ ಪ್ರಶ್ನಿಸಿದವರದೇ. ಆದ್ದರಿಂದ ಪತ್ರದಲ್ಲಿ ‘ಬಿಡುಗಡೆ’ ಎಂಬ ಪದ ಕಂಡಾಗ ಬಿಡುತ್ತಿರುವುದು ಏನನ್ನು, ಯಾರಿಗೆ ಎಂಬುದನ್ನು ಓದಿಸಿ ಕೇಳಿದ ನಂತರವೇ ಹೆಬ್ಬೆಟ್ಟು ಒತ್ತುವುದು ಲೇಸು.