ಉಂಗುರದ ಸಾಕ್ಷ್ಯವೂ ವಲಸೆಯ ಕಾರಣವೂ: ಮೇಸಾ ವರ್ಡೆಯ 'ಮಹಾಬರ'ದ ಮರುವಿಮರ್ಶೆ

ಮರದ ಕಾಂಡದಲ್ಲಿ ವರ್ಷಕ್ಕೊಂದರಂತೆ ಮೂಡುವ ಉಂಗುರಗಳ ಅಗಲದ ಏರಿಳಿತವನ್ನು ಮರದಿಂದ ಮರಕ್ಕೆ ಹೊಂದಿಸಿ ಕಾಲ ನಿರ್ಣಯಿಸುವ ವೃಕ್ಷಕಾಲಗಣನೆಯನ್ನು ಎ. ಇ. ಡಗ್ಲಾಸ್ ಅಮೆರಿಕದ ನೈರುತ್ಯದ ಒಣನಾಡಿನಲ್ಲಿ ರೂಪಿಸಿದುದೂ, 1929ರಲ್ಲಿ ಅರಿಝೋನಾದ ಷೋ ಲೋದಲ್ಲಿ ದೊರೆತ ಎಚ್‌ಎಚ್-39 ಎಂಬ ಸುಟ್ಟ ತೊಲೆಯು ಜೀವಂತ ಮರಗಳಿಂದ ಹಿಂದಕ್ಕೆ ಸಾಗಿದ್ದ ಸರಣಿಯನ್ನು ಪ್ವೆಬ್ಲೋ ಜನರ ಪಾಳುಮನೆಗಳ ಸರಣಿಗೆ ಬೆಸೆದುದೂ ಸುಪರಿಚಿತ. ಆ ಕಾಲಗಣನೆಯ ಬಗ್ಗೆ ವಿವಾದವಿಲ್ಲ. ವಿವಾದವಿರುವುದು, 1276ರಿಂದ 1299ರವರೆಗಿನ ಕಿರಿದಾದ ಉಂಗುರಗಳು ತೋರುವ 'ಮಹಾಬರ'ವೇ ನೈರುತ್ಯ ಕೊಲರಾಡೊದ ಮೇಸಾ ವರ್ಡೆಯ ಬಂಡೆಮನೆಗಳು ಬರಿದಾಗಲು ಮುಖ್ಯ ಕಾರಣವೆಂಬ, ಡಗ್ಲಾಸ್‌ರಿಂದ ಬೆಳೆದುಬಂದ ವಿವರಣೆಯಲ್ಲಿ.

ಅಲ್ಲಿನ ಕೊನೆಯ ತೊಲೆಗಳನ್ನು 1280ರ ಆಸುಪಾಸಿನಲ್ಲಿ ಕಡಿದಿರುವುದು ಈ ವಿವರಣೆಗೆ ಬಲ ಕೊಡುತ್ತದೆ. ಆದರೆ ತೊಲೆಯ ಕೊನೆಯ ಉಂಗುರ ಹೇಳುವುದು ಕಟ್ಟುವ ಕೆಲಸ ನಿಂತ ಕಾಲವನ್ನು. ಜನ ಹೊರಡಲು ಆರಂಭಿಸಿದ ಕಾಲ ಅದಕ್ಕಿಂತ ಹಿಂದಿನದಿರಬಹುದು. ಮೇಲಾಗಿ, ಈ ಪ್ರದೇಶದ ಸೂಚಿಪರ್ಣ ಮರಗಳ ಉಂಗುರವು ಬಹುಮಟ್ಟಿಗೆ ಚಳಿಗಾಲದ ಹಿಮ-ಮಳೆಯಿಂದ ನೆಲದಲ್ಲಿ ಉಳಿದ ತೇವವನ್ನು ದಾಖಲಿಸುತ್ತದೆ. ಮೆಕ್ಕೆಜೋಳಕ್ಕಾದರೋ ಆ ತೇವದ ಜೊತೆಗೆ ಬೇಸಗೆಯ ಮಳೆಯೂ ಹಿಮ ಕಟ್ಟದ ಸಾಕಷ್ಟು ದಿನಗಳೂ ಬೇಕು. ಆದುದರಿಂದ ಕಿರಿದಾದ ಉಂಗುರವನ್ನು ನೇರವಾಗಿ ಬರಿದಾದ ಕಣಜವೆಂದು ಓದಲಾಗದು. ಮಣ್ಣಿನ ಗುಣವನ್ನೂ ಉಂಗುರಗಳಿಂದ ಪಡೆದ ತೇವದ ಅಂದಾಜನ್ನೂ ಕೂಡಿಸಿ ಕಾರ್ಲಾ ವ್ಯಾನ್ ವೆಸ್ಟ್ 1994ರಲ್ಲಿ ಪ್ರಕಟಿಸಿದ ಅಧ್ಯಯನವು, ಬರಗಾಲದಲ್ಲಿಯೂ ನೈರುತ್ಯ ಕೊಲರಾಡೊದಲ್ಲಿ ಗಣನೀಯ ಜನಸಂಖ್ಯೆಯನ್ನು ಸಾಕುವಷ್ಟು ಫಲವತ್ತಾದ ನೆಲ ಉಳಿದಿತ್ತೆಂದು ತೋರಿಸಿದೆ. ಆದರೆ ಆ ನೆಲವನ್ನು ತಲುಪಿ ಉಳುವ ಸ್ವಾತಂತ್ರ್ಯ ಎಲ್ಲರಿಗೂ ಇದ್ದರೆ ಎಂಬ ಷರತ್ತು ಅದಕ್ಕಿದೆ.

ವಾದದ ತಿರುಳು ಇರುವುದು ಈ ಷರತ್ತಿನಲ್ಲಿಯೇ. ಹನ್ನೆರಡನೆಯ ಶತಮಾನದ ನಡುವಿನ ಬರ ಹೆಚ್ಚು ದೀರ್ಘವಾಗಿದ್ದರೂ ಆಗ ಇಲ್ಲಿನ ಜನ ನಾಡನ್ನು ಪೂರ್ತಿಯಾಗಿ ತೊರೆಯಲಿಲ್ಲ. ಹದಿಮೂರನೆಯ ಶತಮಾನದ ಹೊತ್ತಿಗೆ ಅವರು ಕಣಿವೆಗಳ ತಲೆಯಲ್ಲಿ, ಒರತೆಗಳ ಸುತ್ತ ದೊಡ್ಡ ಊರುಗಳಾಗಿ ಒತ್ತೊತ್ತಾಗಿ ನೆಲೆಸಿದ್ದರು. ಇದೇ ಪ್ರದೇಶದ ಕ್ಯಾಸಲ್ ರಾಕ್ ಪ್ವೆಬ್ಲೋದಲ್ಲಿ 1280ರ ಸುಮಾರಿಗೆ ನಡೆದ ಕಗ್ಗೊಲೆಯ ಕುರುಹುಗಳು ದೊರೆತಿವೆ. ಇಂಥ ಒತ್ತಡ, ಹಿಂಸೆಗಳ ನಡುವೆ ಫಲವತ್ತಾದ ನೆಲವನ್ನು ತಲುಪುವ ಸ್ವಾತಂತ್ರ್ಯ ಎಲ್ಲರಿಗೂ ಉಳಿದಿರಲಾರದು. ಹಾಗಾಗಿ ಬರವು ವಲಸೆಯನ್ನು ಹುಟ್ಟುಹಾಕಲಿಲ್ಲ, ಆಗಲೇ ಬಿಗಿಗೊಂಡಿದ್ದ ಬದುಕಿನ ಮೇಲೆ ಬಂದೆರಗಿತು ಎನ್ನುವುದು ಹೆಚ್ಚು ಸಮಂಜಸ. ಬರದ ಪಾತ್ರವನ್ನು ಇದು ಅಲ್ಲಗಳೆಯುವುದಿಲ್ಲ. ಒಂದೇ ನೆಲೆಯ ಹಿಂಸೆಯನ್ನು ಇಡೀ ಪ್ರದೇಶಕ್ಕೆ ವಿಸ್ತರಿಸುವುದೂ ಸಲ್ಲದು. ಮೇಸಾ ವರ್ಡೆಯ ಜನರ ಸಂತತಿಯವರಾದ ಹೋಪಿ, ಝೂನಿ ಮತ್ತು ರಿಯೊ ಗ್ರಾಂಡೆಯ ಪ್ವೆಬ್ಲೋ ಸಮುದಾಯಗಳ ವಲಸೆಯ ನೆನಪುಗಳನ್ನು ಉಂಗುರಗಳಷ್ಟೇ ಗಂಭೀರವಾಗಿ ಪರಿಗಣಿಸದೆ ಈ ಚರ್ಚೆ ಪೂರ್ಣವಾಗದು.

ಬೇಸಗೆ ಮಳೆಯ ಪ್ರಶ್ನೆ ಇನ್ನೂ ತೆರೆದಿದೆ. ಉಂಗುರದ ಹೊರಅಂಚಿನಲ್ಲಿ ಋತುವಿನ ಕೊನೆಗೆ ಬೆಳೆಯುವ ದಟ್ಟ ಬಣ್ಣದ ಭಾಗದಲ್ಲಿ ಆ ಮಳೆಯ ಸುಳಿವು ಸಿಗುವುದರಿಂದ, ಹಳೆಯ ತೊಲೆಗಳಲ್ಲಿ ಅದನ್ನು ಪ್ರತ್ಯೇಕವಾಗಿ ಅಳೆಯುವ ಕೆಲಸ ವ್ಯಾಪಕವಾಗಿ ನಡೆಯಬೇಕು.