ಹಾಲಿ ಸಿಕ್ಕಾ ನೋಟುಗಳು: ಗಡಿ ತಾಲ್ಲೂಕುಗಳ ಹಳೆಯ ಹಣ ಮತ್ತು ಅದರ ಸೂಚಿ ಸಂಖ್ಯೆಗಳು

ಹೈದರಾಬಾದ್ ಸಂಸ್ಥಾನಕ್ಕೆ ತನ್ನದೇ ನಾಣ್ಯ, ತನ್ನದೇ ನೋಟು ಇದ್ದವು. ಇಂದು ಮಹಾರಾಷ್ಟ್ರದಲ್ಲಿರುವ ಉಮರ್ಗಾ, ನಿಲಂಗಾ, ಉದ್ಗೀರ್ ತಾಲ್ಲೂಕುಗಳ ಸಂತೆ, ಕಚೇರಿ, ಸಾವುಕಾರರ ಅಂಗಡಿಗಳಲ್ಲಿ ನಡೆಯುತ್ತಿದ್ದುದು ಅದೇ ಹಣ. ನಿಲಂಗಾ ಮತ್ತು ಉದ್ಗೀರ್ ಆಗ ಬೀದರ್ ಜಿಲ್ಲೆಗೆ ಸೇರಿದ್ದವು. ಉಮರ್ಗಾ ಭಾಗ ಉಸ್ಮಾನಾಬಾದ್ ಜಿಲ್ಲೆಯಲ್ಲಿತ್ತು. ಸಂಸ್ಥಾನದ ರೂಪಾಯಿಗೆ ಜನ ‘ಹಾಲಿ’ ಅಥವಾ ‘ಹಾಲಿ ಸಿಕ್ಕಾ’ ಎನ್ನುತ್ತಿದ್ದರು, ಬ್ರಿಟಿಷ್ ರೂಪಾಯಿಗೆ ‘ಕಲ್ದಾರ್’. ಸಂಸ್ಥಾನದ ಕಾಗದಪತ್ರಗಳಲ್ಲಿ ಹಾಲಿ ರೂಪಾಯಿಯ ಹೆಸರು ‘ಉಸ್ಮಾನಿಯಾ ಸಿಕ್ಕಾ’. ಆ ನೋಟುಗಳು ಚಲಾವಣೆಯಿಂದ ಹೋಗಿ ಆರು ದಶಕಗಳಿಗೂ ಹೆಚ್ಚಾಯಿತು. ಸಂಗ್ರಾಹಕರು ಅವುಗಳಿಗೆ ಒಂದೊಂದಾಗಿ ಸಂಖ್ಯೆ ಕೊಟ್ಟು ಪಟ್ಟಿ ಮಾಡಿದ್ದರಿಂದ ಅವುಗಳ ಇತಿಹಾಸ ಓದಲು ಸಿಗುತ್ತದೆ.

ಸಂಸ್ಥಾನ ನೋಟು ಅಚ್ಚು ಹಾಕಿಸಲು ಕಾರಣವಾದದ್ದು ಬೆಳ್ಳಿ. ಮೊದಲ ಮಹಾಯುದ್ಧದ ಕಾಲಕ್ಕೆ ಬೆಳ್ಳಿ ತುಟ್ಟಿಯಾಗಿ, ನಾಣ್ಯ ಟಂಕಿಸುವುದು ಕಷ್ಟವಾಯಿತು. 1918ರಲ್ಲಿ ಹೈದರಾಬಾದ್ ಕರೆನ್ಸಿ ಕಾಯ್ದೆ ಬಂದು, ಅದರ ಆಧಾರದಲ್ಲಿ ಮೊದಲು 10 ಮತ್ತು 100 ರೂಪಾಯಿಯ ನೋಟುಗಳು ಹೊರಬಿದ್ದವು. 1919ರಲ್ಲಿ 1 ಮತ್ತು 5 ರೂಪಾಯಿಯವು, 1926ರಲ್ಲಿ 1000 ರೂಪಾಯಿಯದು ಸೇರಿದವು. ಆರಂಭದ ನೋಟುಗಳನ್ನು ಲಂಡನ್ನಿನ ವಾಟರ್ಲೋ ಅಂಡ್ ಸನ್ಸ್ ಅಚ್ಚು ಹಾಕಿತು. ನಾಸಿಕದಲ್ಲಿ ಕರೆನ್ಸಿ ನೋಟ್ ಪ್ರೆಸ್ ಶುರುವಾದ ಮೇಲೆ ಕೆಲಸ ಅಲ್ಲಿಗೆ ಬಂತು. ಮೇಲ್ಬರಹ ಉರ್ದುವಿನಲ್ಲಿದ್ದರೂ ಮೌಲ್ಯವನ್ನು ಮರಾಠಿ, ತೆಲುಗು, ಕನ್ನಡಗಳಲ್ಲೂ ಬರೆದಿರುತ್ತಿತ್ತು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಕಚೇರಿಯಲ್ಲಿ ಉರ್ದು ಎನ್ನುವ ಗಡಿ ತಾಲ್ಲೂಕಿನ ಮನೆಗಳಿಗೆ ಈ ಬಹುಭಾಷೆಯ ಕಾಗದ ಹೊಸದೇನೂ ಆಗಿರಲಿಲ್ಲ.

ಹಾಲಿಗೂ ಕಲ್ದಾರಿಗೂ ಇದ್ದ ವ್ಯತ್ಯಾಸ ಇಲ್ಲಿನ ವ್ಯಾಪಾರದ ನಿತ್ಯದ ಲೆಕ್ಕ. ಸೋಲಾಪುರ ಮುಂಬಯಿ ಇಲಾಖೆಗೆ ಸೇರಿದ ಗಿರಣಿ ಪಟ್ಟಣ. ಅಲ್ಲಿ ಕಲ್ದಾರ್ ನಡೆಯುತ್ತಿತ್ತು. ಸೋಲಾಪುರ–ಹೈದರಾಬಾದ್ ರಸ್ತೆಯಲ್ಲಿರುವ ಉಮರ್ಗಾದಿಂದ ಸರಕು ಅತ್ತ ಹೋದರೆ ಬರುವ ಹಣ ಬೇರೆ ಸರ್ಕಾರದ್ದು. ಆರು ಕಲ್ದಾರಿಗೆ ಏಳು ಹಾಲಿ ಎಂಬುದು ಲೆಕ್ಕದ ದರ. ಅಂದರೆ 100 ಕಲ್ದಾರ್ ರೂಪಾಯಿಗೆ 116 ಹಾಲಿ ರೂಪಾಯಿ 10 ಆಣೆ 8 ಪೈ. ಸೋಲಾಪುರದಲ್ಲಿ 60 ಕಲ್ದಾರಿಗೆ ಮಾಲು ಮಾರಿದವನು ಊರಿಗೆ ಬಂದು 70 ಹಾಲಿ ಎಣಿಸಬೇಕು. ಹಣ ಬದಲಿಸಿಕೊಡುವವರು ಮುರಿದುಕೊಳ್ಳುವ ವಟ್ಟ ಬೇರೆ.

ಎರಡನೇ ಮಹಾಯುದ್ಧದಲ್ಲಿ ಬೆಳ್ಳಿಯ ಅಭಾವ ಮತ್ತೆ ಕಾಡಿದಾಗ ಒಂದು ರೂಪಾಯಿಯ ನೋಟುಗಳು 1940ರ ದಶಕದಲ್ಲಿ ಮತ್ತೆ ಹೆಚ್ಚಾಗಿ ಹೊರಬಂದವು. ಇದೇ ಕಾಲಕ್ಕೆ, 1941ರ ಕಾಯ್ದೆಯಿಂದ ಹುಟ್ಟಿ 1942ರಲ್ಲಿ ಬಾಗಿಲು ತೆರೆದ ಹೈದರಾಬಾದ್ ಸ್ಟೇಟ್ ಬ್ಯಾಂಕಿಗೆ ಉಸ್ಮಾನಿಯಾ ಸಿಕ್ಕಾದ ನಿರ್ವಹಣೆ ಸೇರಿತು. ಬ್ಯಾಂಕು ಬಂದರೂ ನೋಟಿನ ಮೇಲಿನ ಸಹಿ ಸರ್ಕಾರದ ಹಣಕಾಸು ವಿಭಾಗದ ಮುಖ್ಯಸ್ಥರದೇ. ಸಂಗ್ರಾಹಕರ ಸೂಚಿಗಳು ನೋಟುಗಳ ಸಣ್ಣ ಭೇದಗಳನ್ನು ಗುರುತಿಸುವುದು ಈ ಸಹಿಗಳಿಂದ.

ಹಳೆಯ ನೋಟುಗಳಲ್ಲಿ ಹೈದರ್ ನವಾಜ್ ಜಂಗ್, ಅಂದರೆ ಸರ್ ಅಕ್ಬರ್ ಹೈದರಿ ಅವರ ಸಹಿ ಕಾಣುತ್ತದೆ. ಮುಂದಿನ ನೋಟುಗಳಲ್ಲಿ ಗುಲಾಂ ಮುಹಮ್ಮದ್, ಜಾಹಿದ್ ಹುಸೇನ್ ಅವರ ಸಹಿಗಳಿವೆ. ಗುಲಾಂ ಮುಹಮ್ಮದ್ ಮುಂದೆ ಪಾಕಿಸ್ತಾನದ ಗವರ್ನರ್ ಜನರಲ್ ಆದರು. ಜಾಹಿದ್ ಹುಸೇನ್ ಅಲ್ಲಿನ ಸ್ಟೇಟ್ ಬ್ಯಾಂಕಿನ ಮೊದಲ ಗವರ್ನರ್ ಆದರು. ಒಂದೇ ಚಿತ್ತಾರ, ಒಂದೇ ಅಳತೆ, ಒಂದೇ ಮೌಲ್ಯದ ಎರಡು ನೋಟುಗಳನ್ನು ಬೇರೆ ಮಾಡುವುದು ಎಷ್ಟೋ ಸಲ ಮೂಲೆಯ ಈ ಸಹಿಯೊಂದೇ. ವರ್ಷ ಅಚ್ಚಾಗದ ನೋಟಾದರೆ, ಸಹಿ ಮಾಡಿದವರು ಯಾವಾಗಿನಿಂದ ಯಾವಾಗಿನವರೆಗೆ ಆ ಹುದ್ದೆಯಲ್ಲಿದ್ದರು ಎಂಬುದರಿಂದ ಅದರ ಕಾಲ ಗೊತ್ತು ಮಾಡುತ್ತಾರೆ.

ವರ್ಷ ಅಚ್ಚಾಗಿದ್ದರೂ ಅದು ಫಸಲಿ, ಅಂದರೆ ಕಂದಾಯದ ಲೆಕ್ಕದ ವರ್ಷ. ಹೈದರಾಬಾದಿನ ಫಸಲಿ ಅಕ್ಟೋಬರಿನಲ್ಲಿ, ಆಜೂರ್ ತಿಂಗಳಿಂದ ಶುರುವಾಗುತ್ತಿತ್ತು. ಫಸಲಿಗೆ 590 ಕೂಡಿಸಿದರೆ ವರ್ಷದ ಆರಂಭದ ತಿಂಗಳುಗಳ ಇಸವಿ, 591 ಕೂಡಿಸಿದರೆ ಉಳಿದ ತಿಂಗಳುಗಳ ಇಸವಿ. 1347 ಫಸಲಿ ಎಂದರೆ 1937ರ ಅಕ್ಟೋಬರಿನಿಂದ 1938ರ ಅಕ್ಟೋಬರ್‌ವರೆಗೆ. ತಿಂಗಳು ತಿಳಿಯದಿದ್ದರೆ ಎರಡೂ ಇಸವಿ ಬರೆಯುವುದು ಸರಿಯಾದ ಕ್ರಮ.

ಸಂಖ್ಯೆ ಕೊಡುವ ಪದ್ಧತಿ ಬಂದದ್ದು ಹೊರಗಿನಿಂದ. ಜರ್ಮನಿಯ ಆಲ್ಬರ್ಟ್ ಪಿಕ್ ಸಿದ್ಧಪಡಿಸಿದ ವಿಶ್ವ ನೋಟುಗಳ ಸೂಚಿ ಎಲ್ಲ ದೇಶಗಳ ನೋಟುಗಳಿಗೂ ಸಂಖ್ಯೆ ಕೊಟ್ಟಿತು. ಸಂಗ್ರಾಹಕರ ಮಾತಿನಲ್ಲಿ ಅದು ‘ಪಿಕ್ ನಂಬರ್’. ಹೈದರಾಬಾದಿನಂಥ ಸಂಸ್ಥಾನಗಳ ನೋಟುಗಳು ಅದರ ವಿಶೇಷ ಸಂಪುಟದಲ್ಲಿದ್ದು, ಸಂಖ್ಯೆಯ ಮುಂದೆ ‘ಎಸ್’ ಅಕ್ಷರ ಇರುತ್ತದೆ. ಮೌಲ್ಯ ಅಥವಾ ವಿನ್ಯಾಸ ಬದಲಾದರೆ ಹೊಸ ಸಂಖ್ಯೆ. ಸಹಿ ಅಥವಾ ವರ್ಷ ಬದಲಾದರೆ ಅದೇ ಸಂಖ್ಯೆಗೆ ಎ, ಬಿ, ಸಿ ಎಂಬ ಅಕ್ಷರ. ಭಾರತದ ನೋಟುಗಳನ್ನು ಇನ್ನೂ ಬಿಡಿಸಿ ನೋಡಿದವರು ಕಿಶೋರ್ ಝುನ್‌ಝುನ್‌ವಾಲಾ ಮತ್ತು ಬೆಂಗಳೂರಿನ ರೆಜ್ವಾನ್ ರಜಾಕ್. ಇಬ್ಬರೂ ಸೇರಿ ಬರೆದ ಸೂಚಿಯ ಪರಿಷ್ಕೃತ ಆವೃತ್ತಿ 2012ರಲ್ಲಿ ಬಂತು. ಅದರಲ್ಲಿ ಸಂಖ್ಯೆಗಳನ್ನು ಚುಕ್ಕಿಯಿಂದ ಭಾಗ ಮಾಡಿ, ವಿಭಾಗದಿಂದ ಮೌಲ್ಯಕ್ಕೆ, ಅಲ್ಲಿಂದ ಸಣ್ಣ ಭೇದಕ್ಕೆ ಇಳಿಯಲಾಗಿದೆ. ರಜಾಕ್ ಅವರ ಸಂಗ್ರಹವೇ 2020ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ನೋಟುಗಳ ವಸ್ತುಸಂಗ್ರಹಾಲಯವಾಯಿತು.

ಸಹಿ, ಸ್ಥಳೀಯ ಶಕೆ ಎರಡನ್ನೂ ಆಧರಿಸುವ ಈ ಕ್ರಮ ಹೈದರಾಬಾದಿಗಷ್ಟೇ ಸೀಮಿತವಲ್ಲ. ಥಾಯ್ಲೆಂಡಿನಲ್ಲಿ ಮೊದಲ ನೋಟುಗಳು 1902ರಲ್ಲಿ ಬಂದವು. ಆಗ ಅಲ್ಲಿನ ರತ್ನಕೋಸಿನ್ ಶಕೆ 121. ಮುಂದೆ ಬೌದ್ಧ ಶಕೆ ಬಂತು. ಅದರಿಂದ 543 ಕಳೆದರೆ ಇಸವಿ. ಅಲ್ಲಿಯೂ ಒಂದೇ ಮಾದರಿಯ ನೋಟು ಹಲವು ವರ್ಷ ನಡೆದಾಗ ಹಣಕಾಸು ಮಂತ್ರಿ ಮತ್ತು ಬ್ಯಾಂಕಿನ ಗವರ್ನರರ ಸಹಿಗಳ ಜೋಡಿ ಬದಲಾಗುತ್ತ ಹೋಗುತ್ತದೆ, ಸಂಗ್ರಾಹಕರು ಪ್ರತಿ ಜೋಡಿಗೂ ಬೇರೆ ಅಕ್ಷರ ಇಡುತ್ತಾರೆ.

ಸೂಚಿಯಲ್ಲಿ ಹುಡುಕುವ ಮುನ್ನ ನೋಟನ್ನು ಬೆಳಕಿಗೆ ಹಿಡಿಯುವುದು ವಾಡಿಕೆ. ಕಾಗದದೊಳಗಿನ ನೀರಚ್ಚು ಸರಿಯಿದೆಯೇ, ಅಂಚು ಕತ್ತರಿಸಿದ್ದಾರೆಯೇ, ಮಡಿಕೆಯಲ್ಲಿ ಸೀಳಿದೆಯೇ, ಪಿನ್ನು ಚುಚ್ಚಿದ ತೂತು ಎಷ್ಟು ಎಂದು ನೋಡುತ್ತಾರೆ. ಹಿಂದೆ ಕಾಗದ ಅಂಟಿಸಿ ದುರಸ್ತಿ ಮಾಡಿದ್ದರೆ, ತೊಳೆದು ಇಸ್ತ್ರಿ ಮಾಡಿದ್ದರೆ ಬೆಲೆ ಇಳಿಯುತ್ತದೆ. ಸಂಖ್ಯೆ ನೋಟಿನ ಜಾತಿಯನ್ನು ಹೇಳುತ್ತದೆ, ಸ್ಥಿತಿ ಅದರ ಬೆಲೆಯನ್ನು.

ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ, 1948ರ ಸೆಪ್ಟೆಂಬರ್ 13ರಿಂದ 17ರವರೆಗಿನ ಪೊಲೀಸ್ ಕಾರ್ಯಾಚರಣೆಯ ನಂತರವೂ ಹಾಲಿ ನೋಟು ಕೂಡಲೇ ನಿಲ್ಲಲಿಲ್ಲ. 1950ರಿಂದ ಭಾರತದ ರೂಪಾಯಿ ಅದೇ ಆರಕ್ಕೆ ಏಳರ ದರದಲ್ಲಿ ಜೊತೆಗೆ ನಡೆಯಿತು. 1951ರಲ್ಲಿ ಹೊಸ ಹಾಲಿ ಹಣ ಹೊರಡಿಸುವುದು ನಿಂತಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ್ ಮೈಸೂರಿಗೆ ಬಂದರೆ, ನಿಲಂಗಾ, ಉದ್ಗೀರ್ ಆ ಜಿಲ್ಲೆಯಿಂದ ಬೇರೆಯಾಗಿ ಮರಾಠವಾಡದೊಂದಿಗೆ ಅಂದಿನ ಮುಂಬಯಿ ರಾಜ್ಯಕ್ಕೆ ಸೇರಿದವು. 1982ರಲ್ಲಿ ಲಾತೂರ್ ಜಿಲ್ಲೆಯಾದಾಗ ಎರಡೂ ಅದರ ಪಾಲಾದವು. ಉಮರ್ಗಾ ಈಗಿನ ಧಾರಾಶಿವ ಜಿಲ್ಲೆಯಲ್ಲಿ ಉಳಿಯಿತು. ಈ ನಡುವೆ 1959ರಲ್ಲಿ ಹಾಲಿ ರೂಪಾಯಿಯ ಕಾನೂನು ಮಾನ್ಯತೆ ಪೂರ್ತಿ ಹೋಯಿತು. ಹಳೆಯ ಪೆಟ್ಟಿಗೆ, ಗ್ರಂಥದ ನಡುವೆ ಇಂದಿಗೂ ಸಿಗುವ ಅಂಥ ನೋಟಿಗೆ ಯಾವ ಬ್ಯಾಂಕಿನಲ್ಲೂ ಚಿಲ್ಲರೆ ಸಿಗುವುದಿಲ್ಲ. ಉಳಿದಿರುವುದು ಅದರ ಸಹಿ, ಅದರ ಫಸಲಿ ವರ್ಷ, ಒಂದು ಮೂಲೆಯ ಕನ್ನಡ ಅಕ್ಷರ ಮತ್ತು ಸೂಚಿಯಲ್ಲಿ ಅದಕ್ಕೆ ದೊರೆತ ಒಂದು ಸಂಖ್ಯೆ.